ಗದ್ವಾಲದಾಕಿಯ ಬಣ್ಣ

ಬೈಗುಳಕ್ಕೂ ಒಂದು ಆಯುಷ್ಯ ಅಂತ ಇರಬೇಕು. ಬಾಯಿಂದ ಹೊರಬಿದ್ದು, ಎದುರಿಗಿದ್ದವರ ಕಿವಿಗೆ ತಾಗಿ, ಅವರು ತಿರುಗಿ ಒಂದು ಅಂದು, ಹೊತ್ತು ಮುಳುಗುವುದರೊಳಗೆ ಅದು ಸತ್ತುಹೋಗಬೇಕು. ಮರುದಿನ ಅದೇ ಬಾಯಿ ಹೊತ್ತುಕೊಂಡು ಅದೇ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಬೇಕಲ್ಲ! ನಮ್ಮ ಹಿರಿಯರು ದೇವರ ಹಾಡು ಉಳಿಸಿದರು, ಮದುವೆಯ ಹಾಡು ಉಳಿಸಿದರು, ಬೈಗುಳ ಮಾತ್ರ ಉಳಿಸಲಿಲ್ಲ. ಬುದ್ಧಿವಂತರು. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಬೈಯುವ ವಿದ್ಯೆಯೊಂದನ್ನು ಯಾವ ಮಾಸ್ತರರ ಹಂಗಿಲ್ಲದೆ ಕಲಿತೆ. ಜೀವಮಾನದಲ್ಲಿ ಎಷ್ಟು ಜನರಿಗೆ ಬೈದಿದ್ದೇನೋ, ಎಲ್ಲ ಗಾಳಿಗೆ ಹೋಗಿವೆ. ಒಂದು ಮಾತ್ರ ಸಾಯಲೊಲ್ಲದು. ಅದಕ್ಕೆ ಡ್ರಮ್ ಇದೆ, ಗಿಟಾರ್ ಇದೆ, ಬೆರಳಿನಿಂದ ಒತ್ತಿದರೆ ಸಾಕು, ಎದ್ದು ಕೂತು ಮತ್ತೆ ಬೈಯುತ್ತದೆ. ಆ ಒಂದರಿಂದ ನನಗೆ ಅನ್ನ ಸೇರದಂತಾಯಿತು.

ಇದರ ಮೂಲ ನನ್ನ ಮೊಮ್ಮಗಳು ಗೌರಿ. ತೆಲಂಗಾಣದ ಗಡಿಯ ನಾರಾಯಣಪೇಟೆಯಲ್ಲಿ ನಮ್ಮದು ಶೇಂಗಾ ವ್ಯಾಪಾರ. ನಮ್ಮ ಮನೆಯವರು ಹೋದ ಮೇಲೆ ಮಗ ನಡೆಸುತ್ತಾನೆ. ಮನೆಯ ಹಿಂದೆ ಒಂದು ಹಳೆಯ ಗೋದಾಮು ಇದೆ. ಅದು ಖಾಲಿ ಬಿದ್ದಿತ್ತು, ಗೌರಿ ಮತ್ತು ಅವಳ ಗೆಳತಿಯರು ಅದರೊಳಗೆ ಹೊಕ್ಕು ಬಾರಿಸತೊಡಗಿದರು. ತಂಡಕ್ಕೆ ಹೆಸರು 'ಶೇಂಗಾ ಸಿಪ್ಪಿ'. ಏನು ಬಾರಿಸುತ್ತೀರಿ ಎಂದು ಕೇಳಿದರೆ "ರಾಕ್, ಆಯಿ" ಅಂದಳು. ನಮ್ಮ ಕಡೆ ರಾಖ್ ಅಂದರೆ ಬೂದಿ, ಓಣಿಯ ಮುಸಲ್ಮಾನರ ಮನೆಯಲ್ಲಿ ಪಾತ್ರೆ ತಿಕ್ಕುವಾಗ ಕೇಳುತ್ತಿದ್ದ ಮಾತು. ಹುಡುಗಿಯರು ಒಳಗೆ ಬೂದಿ ಹಚ್ಚಿ ಏನೋ ತಿಕ್ಕುತ್ತಿದ್ದಾರೆ, ಅದರ ಸಪ್ಪಳವೇ ಇದು ಎಂದು ಕೆಲವು ದಿನ ಖುಷಿಯಾಗಿದ್ದೆ. ನೋಡಹೋದರೆ ಮನೆಯ ಪಾತ್ರೆಗಳು ಹಾಗೇ ಬಿದ್ದಿದ್ದವು.

ಒಂದು ದಿನ ಗೌರಿ ಕುಣಿಯುತ್ತ ಬಂದಳು. ಈ ಗಡಿ ಸೀಮೆಯ ಊರುಗಳ ತಂಡಗಳೆಲ್ಲ ಸೇರಿ ಒಂದು ಆಲ್ಬಮ್ ಮಾಡಿದ್ದಾರಂತೆ, ತಂಡಕ್ಕೊಂದು ಹಾಡು. ಅದರಲ್ಲಿ ಇವರದೂ ಒಂದು. ಹಿಂದೆ ಕಂಪನಿ ಇಲ್ಲ, ಮೇಲೆ ಯಜಮಾನ ಇಲ್ಲ, ಎಲ್ಲರೂ ಸ್ವತಂತ್ರರು. "ಹೆಸರೇನು?" ಅಂದೆ. "ಕಲಬೆರಕೆ" ಅಂದಳು. ನಮ್ಮ ಮನೆಯವರು ಬದುಕಿದ್ದಾಗ ಅಂಗಡಿಯಲ್ಲಿ ಯಾರೂ ಬಾಯಿಗೆ ತರಬಾರದ ಮಾತು ಅದು. ಶೇಂಗಾದಲ್ಲಿ ಒಂದು ಹಿಡಿ ಹಳೆಯ ಕಾಳು ಸೇರಿದ್ದು ಕಂಡರೆ ಊಟ ಬಿಡುತ್ತಿದ್ದರು. ಈ ಹುಡುಗಿ ಅದನ್ನೇ ತಲೆಯ ಮೇಲೆ ಹೊತ್ತು ಮೆರೆಯುತ್ತಿದ್ದಾಳೆ. ಕೂಡಿಸಿಕೊಂಡು ಎಲ್ಲ ಹಾಡು ಕೇಳಿಸಿದಳು. ಹೆಸರು ಸುಳ್ಳಲ್ಲ. ರಾಯಚೂರಿನ ಒಂದು ತಂಡ ಹಲ್ಲುನೋವು ಬಂದವರ ಹಾಗೆ ಕಿರುಚುತ್ತದೆ. ಕೋಸಗಿಯವರು ಗಿಟಾರಿನ ಬೆನ್ನಿಗೆ ಹಲಗೆ ಬಾರಿಸಿದ್ದಾರೆ, ಅದು ಪರವಾಗಿಲ್ಲ, ಕಾಲು ತಾನೇ ಅಲ್ಲಾಡುತ್ತದೆ. ನಮ್ಮ ಕಡೆಯ ಮದ್ದೂರಿನವರದು ಮಾತೇ ಇಲ್ಲ, ಬರೀ ತಂತಿ, ಯಾರೋ ಬಾಗಿಲು ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದಂತೆ. ಮದ್ದೂರಿನವರದು ಮಾತೇ ಇಲ್ಲ, ಬರೀ ತಂತಿ, ಯಾರೋ ಬಾಗಿಲು ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದಂತೆ. ಒಂದರ ಹಾಗೆ ಒಂದಿಲ್ಲ. ಎಲ್ಲಕ್ಕೂ ಕಡೆಯಲ್ಲಿ 'ಶೇಂಗಾ ಸಿಪ್ಪಿ'. ಧಡ್ ಧಡ್ ಎಂದು ಡ್ರಮ್ ಎದ್ದಿತು, ಗಿಟಾರ್ ಗುರ್ರೆಂದಿತು, ಆಮೇಲೆ ಒಬ್ಬ ಮುದುಕಿ ಬೈಯತೊಡಗಿದಳು. ಯಾರಿದು ಇಷ್ಟು ಕೆಟ್ಟ ಬಾಯಿಯವಳು ಎಂದುಕೊಂಡೆ. ನಾನೇ.

ಇಲ್ಲಿ ಸೀರೆಯ ವಿಷಯ ಹೇಳಬೇಕು. ನಮ್ಮ ಕಡೆ ಹೆಂಗಸರಿಗೂ ಸೀರೆಗಳಿಗೂ ಊರಿನ ಹೆಸರೇ ಗುರುತು. ಸೊಸೆ ಯಾವ ಊರಿನಿಂದ ಬಂದಳೋ ಆ ಊರಿನಾಕಿ. ಸೀರೆ ಯಾವ ಊರಿನ ಮಗ್ಗದಲ್ಲಿ ಹುಟ್ಟಿತೋ ಆ ಊರಿನದು. ಸೀರೆಯನ್ನೂ 'ಆಕಿ' ಅನ್ನುವುದು ನನ್ನ ಚಾಳಿ. ಪೆಟ್ಟಿಗೆ ತೆರೆದು ಗಾಳಿಗೆ ಹಾಕುವಾಗ ಎಲ್ಲರ ಜೊತೆ ಮಾತಾಡುತ್ತೇನೆ, ಮಾತಾಡಲು ಮನೆಯಲ್ಲಿ ಬೇರೆ ಯಾರಿಗೆ ಪುರಸೊತ್ತಿದೆ? ಮಗನ ಮದುವೆಯಲ್ಲಿ ಗದ್ವಾಲದ ಬೀಗತಿ ಸಿದ್ದಮ್ಮ, ಅಂದರೆ ಸೊಸೆ ನೀಲಾಳ ತಾಯಿ, ನನಗೆ ಒಂದು ಗದ್ವಾಲ ಸೀರೆ ಉಡಿಸಿದ್ದಳು. ಕೆನೆಬಣ್ಣದ ಹತ್ತಿಯ ಒಡಲು, ಕೆಂಪು ರೇಷ್ಮೆಯ ಅಂಚು, ಸೆರಗು. ಅದೇ ಮದುವೆಯಲ್ಲಿ ಕಡೆಯ ಪಂಕ್ತಿಗೆ ಹೋಳಿಗೆ ಸಾಲಲಿಲ್ಲ. ನಾನು ಅಂದೆ. ಬೀಗತಿ ತಿರುಗಿ ಅಂದಳು. "ಒಂದು ಬಸ್ಸಿನ ಮಂದಿ ಅಂತ ಹೇಳಿ ಎರಡು ಬಸ್ಸಿನ ಮಂದಿ ತಂದ್ರ ಹೋಳಿಗಿ ಏನು ಮರಿ ಹಾಕ್ತಾವೇನ್ರೀ?" ಅಷ್ಟೇ. ಗೌರಿ ಹುಟ್ಟಿ, ದೊಡ್ಡವಳಾಗಿ, ಗಿಟಾರ್ ಹಿಡಿಯುವವರೆಗೂ ನಾವಿಬ್ಬರೂ ನೆಟ್ಟಗೆ ಮಾತಾಡಿದವರಲ್ಲ. ಬೀಗತಿಗೆ ಕಣ್ಣಿನ ಪೊರೆ ಬಂದು ಮುಂದಿನ ತಿಂಗಳು ಆಪರೇಷನ್ ಎಂದಾಗ ಅವಳೇ ಫೋನ್ ಮಾಡಿದಳು: "ಬೀಗ್ತೀ, ಹೊಸ ಕಣ್ಣು ಬಂದ ಮ್ಯಾಲ ಮೊದಲ ನಿಮ್ಮನ್ನ ನೋಡಬೇಕು ಅನಸೈತಿ. ಬರ್ರಿ." ಹಾಗೆ ಅಂದ ಮೇಲೆ ಹೋಗದಿದ್ದರೆ ನನ್ನಂಥ ಕಲ್ಲು ಬೇರೆ ಇಲ್ಲ. ಅವಳು ಕೊಟ್ಟ ಸೀರೆಯನ್ನೇ ಉಟ್ಟು ಹೋಗೋಣವೆಂದು ಪೆಟ್ಟಿಗೆಯಿಂದ ತೆಗೆದೆ. ನುಸಿಗುಳಿಗೆಯ ವಾಸನೆ. ನೀರು ಬಿಟ್ಟ ಹೊತ್ತು, ಆಮೇಲೆ ನಲ್ಲಿ ಬಂದಾಗುತ್ತದೆ. ಅವಸರದಲ್ಲಿ ನನ್ನ ಹೊಸ ನಾರಾಯಣಪೇಟೆ ಸೀರೆಯ ಜೊತೆಗೇ ಒಂದೇ ಬಕೆಟ್ಟಿಗೆ ಅದ್ದಿದೆ. ತೆಗೆದಾಗ ಕೆನೆಬಣ್ಣದ ಒಡಲ ಮೇಲೆ ಅಲ್ಲಲ್ಲಿ ಗುಲಾಬಿ ಕಲೆ, ಬಕೆಟ್ಟಿನ ನೀರು ಕೋಕಮ್ ಶರಬತ್ತಿನ ಹಾಗೆ ಕೆಂಪು.

ಬಂತು ಸಿಟ್ಟು. "ಏನಬೇ ಗದ್ವಾಲದಾಕಿ! ಇಷ್ಟು ವರ್ಷ ಪೆಟ್ಟಿಗ್ಯಾಗ ಕೂಡಿಸಿ ಪೂಜಿ ಮಾಡಿದ್ನಲ್ಲ ನಿನ್ನ! ಅಂಚಿಗೆ ರೇಷ್ಮಿ, ಒಡಲಾಗ ಬರೀ ಹತ್ತಿ! ಒಂದು ಬಕೀಟು ನೀರಿಗೆ ನಿನ್ನ ಬಣ್ಣ ಬಯಲಾತಲ್ಲ!" ಬಟ್ಟೆ ಒಗೆಯುವ ಕಲ್ಲು ಗೋದಾಮಿನ ಕಿಟಕಿಗೆ ಹತ್ತಿಕೊಂಡೇ ಇದೆ. ಒಳಗೆ ಮೈಕ್ ನಡೆದಿತ್ತು. ಗೌರಿ ಹೊರಗೆ ಬಂದು, "ಆಯಿ, ನಿನ್ನ ದನಿ ಭಾಳ ಮಸ್ತ್ ಬಂದೈತಿ, ಹಾಡಿನಾಗ ಹಾಕ್ಲೇನು?" ಅಂದಳು. ನಾನು ಸೀರೆ ಹಿಂಡುತ್ತಿದ್ದೆ. "ಏನಾರ ಹಾಕ್ಕೋ, ಶೇಂಗಾದಾಗ ಹಳ್ಳು ಕಲ್ಲು ಹಾಕಬ್ಯಾಡ" ಅಂದೆ. ಅದೇ ಒಪ್ಪಿಗೆಯಾಯಿತು.

ಹಾಡು ಕೇಳಿ ಮುಗಿದಾಗ ತಿಳಿಯಿತು. ಆ ಹಾಡಿನಲ್ಲಿ ಸೀರೆಯೇ ಇಲ್ಲ! ಬಕೆಟ್ಟಿನ ಮಾತು ಡ್ರಮ್ಮಿನಲ್ಲಿ ಮುಳುಗಿಹೋಗಿದೆ. 'ಗದ್ವಾಲದಾಕಿ, ಅಂಚಿಗೆ ರೇಷ್ಮಿ, ಒಡಲಾಗ ಬರೀ ಹತ್ತಿ, ಬಣ್ಣ ಬಯಲಾತಲ್ಲ, ಬಯಲಾತಲ್ಲ' ಎಂದು ಹುಡುಗಿಯರೆಲ್ಲ ಸೇರಿ ಮತ್ತೆ ಮತ್ತೆ ಕೂಗುತ್ತಾರೆ. ಕೇಳಿದವರಿಗೆ ಸೀರೆ ಹೇಗೆ ಹೊಳೆಯಬೇಕು? ನಮ್ಮ ಓಣಿಯಲ್ಲಿ ಗದ್ವಾಲದಾಕಿ ಅಂದರೆ ನನ್ನ ಸೊಸೆ ನೀಲಾ. ನಮ್ಮ ಬಳಗದಲ್ಲಿ ಗದ್ವಾಲದಾಕಿ ಅಂದರೆ ಬೀಗತಿ ಸಿದ್ದಮ್ಮ. ಬೈದದ್ದು ಒಬ್ಬಳಿಗೆ, ತಗಲುವುದು ಇಬ್ಬರಿಗೆ. ಬೈಸಿಕೊಂಡವಳು ಮಾತ್ರ ಪೆಟ್ಟಿಗೆಯಲ್ಲಿ ತಣ್ಣಗೆ ಮಡಚಿಕೊಂಡು ಕೂತಿದ್ದಾಳೆ. ಸಂಜೆಗೆ ಪಕ್ಕದ ಮನೆಯ ಅಂಬವ್ವ ಕಟ್ಟೆಗೆ ಬಂದು ಕೂತು ಮೆಲ್ಲಗೆ ಕೇಳಿದಳು: "ನೀಲಾ ಯಾಕ ತವರಿಗೆ ಹೋಗ್ಯಾಳ್ರೀ? ಏನಾರ ಮಾತು ಬಂತೇನು?" ನೀಲಾ ಹೋದದ್ದು ತಾಯಿಯ ಕಣ್ಣಿಗೆ ಹನಿ ಹಾಕಲು. ಅದನ್ನು ಹೇಳಿದೆ. ಅಂಬವ್ವ "ಹೌದೌದು, ಕಣ್ಣಿಗೆ" ಎಂದು ತಲೆಯಾಡಿಸಿದ ರೀತಿ ನೋಡಿದರೆ ನನಗೇ ನನ್ನ ಮಾತಿನ ಮೇಲೆ ಅನುಮಾನ ಬಂತು.

ಗೌರಿಯನ್ನು ಕೂಗಿದೆ. "ಈ ಹಾಡು ನಿನ್ನ ಗದ್ವಾಲದ ಆಯಿ ಕೇಳ್ಯಾಳೇನು?"

"ಇನ್ನಾ ಇಲ್ಲ. ಅವ್ವನ ಫೋನಿಗೆ ಇಡೀ ಆಲ್ಬಮ್ ಕಳಿಸೀನಿ. ಟೀವಿ ನೋಡಬಾರದಂದಾರಲ್ಲ ಡಾಕ್ಟರು, ಕೇಳ್ಕೊಂತ ಕೂಡ್ತಾಳ, ಪಾಪ."

ಪಾಪವಂತೆ! ನೀಲಾಗೆ ಫೋನ್ ಮಾಡಿದೆ. ಮೊದಲು ಕಣ್ಣಿನ ಸಮಾಚಾರ, ಆಮೇಲೆ ಹಗುರವಾಗಿ ಹಾಡಿನದು. ನೀಲಾ ಅಂದಳು: "ಹೂಂ ಅತ್ತಿ, ಕೇಳಾಕತ್ತಾಳ. ನಾನು ಗೌರೀದಷ್ಟ ಹಚ್ತೀನಿ ಅಂದ್ರ ಒಲ್ಲೆ ಅಂದ್ಲು. ಪಂಕ್ತಿಗೆ ಕೂತ ಮ್ಯಾಲ ಎಲಿ ತುದಿಯಿಂದ ಉಣ್ಣಬೇಕು, ನಟ್ಟನಡುವ ಕೈ ಹಾಕಬಾರದು ಅಂತಾಳ. ಇವತ್ತು ರಾಯಚೂರವರದು ಆತು. ಅದನ್ನ ಕೇಳಿ ತಲಿನೋವು ಬಂದು ಮಕ್ಕೊಂಡಾಳ." ರಾಯಚೂರಿನ ಆ ಕಿರುಚುವ ಹುಡುಗರ ಮೇಲೆ ನನಗೆ ಮೊದಲ ಸಲ ಪ್ರೀತಿ ಬಂತು. ಇನ್ನೂ ಜೋರಾಗಿ ಕಿರುಚಬಾರದಿತ್ತೇ?

ಅಲ್ಲಿಂದ ನನ್ನ ದಿನಗಳು ಆ ಆಲ್ಬಮ್ಮಿನ ಮೇಲೆ ನಡೆದವು. ಯಾವ ತಂಡದವರೆಗೆ ಬಂತು ಎಂದು ತಿಳಿಯುವುದೇ ಕೆಲಸ. ಕೋಸಗಿಯವರ ಹಲಗೆ ಹಾಡನ್ನು ಬೀಗತಿ ಮತ್ತೆ ಮತ್ತೆ ಹಾಕಿಸಿಕೊಂಡಳಂತೆ, ಒಂದು ದಿನ ಉಳಿಯಿತು. ಮದ್ದೂರಿನವರ ಬಾಗಿಲು ತೆಗೆದು ಮುಚ್ಚುವ ಹಾಡಿಗೆ "ಯಾರೋ ಬಂದಾರ ನೋಡು" ಎಂದು ನೀಲಾಳನ್ನು ಬಾಗಿಲಿಗೆ ಕಳಿಸಿದಳಂತೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ರೊಟ್ಟಿ ಬಡಿಯುತ್ತ ಮೈಮರೆತೆ, ಹಂಚಿನ ಮೇಲಿನದು ಕಪ್ಪಾಯಿತು. ಕಡೆಗೆ ಗೌರಿಗೆ ಹೇಳಿಯೇಬಿಟ್ಟೆ: "ಆ ಹಾಡು ತೆಗಸಿಬಿಡು."

ಅವಳು ಗೋದಾಮಿನಲ್ಲಿ ಖಾಲಿ ಚೀಲದ ಮೇಲೆ ಕೂತಿದ್ದಳು. "ತೆಗಸಬಹುದು ಆಯಿ. ನಾವು ಸ್ವತಂತ್ರರು, ಯಾರನ್ನೂ ಕೇಳಬೇಕಾಗಿಲ್ಲ. ಆದ್ರ ತೆಗಸಿದ್ರ ನಮ್ಮ ತಂಡನ ಹೋದಂಗ. ನಮ್ದು ಇರೋದು ಅದೊಂದ ಹಾಡು." ಅಷ್ಟು ಹೇಳಿ ಗಿಟಾರಿನ ಒಂದು ತಂತಿಯನ್ನು ಸಡಿಲ ಮಾಡತೊಡಗಿದಳು. ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. ಸುಮ್ಮನೆ ತಂತಿ ಸಡಿಲಿಸುವವರಿಗೆ ಏನಂತ ಬೈಯುವುದು? ತೆಗೆಸಿದರೆ ಈ ಹುಡುಗಿ ಹೋದಳು, ಬಿಟ್ಟರೆ ಬೀಗತಿ ಹೋದಳು. "ಬಿಗಿ ಮಾಡು ಅದನ್ನ, ಜೋತುಬಿದ್ದೈತಿ. ನಾನ ಗದ್ವಾಲಕ್ಕ ಹೋಗಿ ಬರ್ತೀನಿ" ಅಂದೆ. ಹಾಡು ಕಡೆಯ ಎಲೆಗೆ ಬರುವುದರೊಳಗೆ ನಾನು ಅಲ್ಲಿರಬೇಕು, ಇದು ಸೀರೆಯ ಹಾಡು ಎಂದು ಮೊದಲೇ ಹೇಳಿಬಿಡಬೇಕು. ಸಾಕ್ಷಿಗೆ ಇರಲಿ ಎಂದು ಆ ಗುಲಾಬಿ ಕಲೆಯ ಸೀರೆಯನ್ನೇ ಉಟ್ಟೆ. ಹೇಗೂ ಬೀಗತಿಯ ಕಣ್ಣಿಗೆ ಕಪ್ಪು ಕನ್ನಡಕ ಇದೆ, ಕಲೆ ಅಷ್ಟಾಗಿ ಕಾಣಲಿಕ್ಕಿಲ್ಲ ಎಂಬ ಧೈರ್ಯವೂ ಇತ್ತು. ಸಾಕ್ಷಿಯೂ ಆಗಬೇಕು, ಕಾಣಲೂಬಾರದು! ಹೆದರಿದವರ ಬುದ್ಧಿ ಹೀಗೇ ಕೆಲಸ ಮಾಡುತ್ತದೆ.

ಮಕ್ತಲ್ ಬಸ್ಸಿನಲ್ಲಿ ಕಂಡಕ್ಟರು ಹೆಂಗಸರಿಗೆ ಪುಕ್ಕಟೆ ಕೊಡುವ ಸೊನ್ನೆ ಟಿಕೆಟ್ಟಿಗೆ ಆಧಾರ್ ಕೇಳಿದ. ತೋರಿಸಿದೆ. "ಈ ಫೋಟೋ ಮೀದೇನಾ ಅಮ್ಮಾ?" ಅಂದ. ಮೊದಲೇ ತಲೆ ಕೆಟ್ಟಿತ್ತು. "ನಂದಲ್ದ ನಿಮ್ಮಮ್ಮಂದೇನೋ? ಆ ಫೋಟೋದಾಗ ನಾನ ಕೂತೀನಿ, ಇಲ್ಲೂ ನಾನ ಕೂತೀನಿ, ನಡುವ ನಿಂಗೇನು ಕಷ್ಟ?" ಎಂದೆ. ಮುಂದಿನ ಸೀಟಿನ ಕಾಲೇಜು ಹುಡುಗಿ ಥಟ್ಟನೆ ಹಿಂದಕ್ಕೆ ತಿರುಗಿ ಕಿವಿಯಿಂದ ಹಾಡು ಕೇಳುವ ದಾರ ತೆಗೆದಳು. "ಅವ್ವಾ, ನೀವು ಆ 'ಬಣ್ಣ ಬಯಲಾತಲ್ಲ' ಅಮ್ಮ ಅಲ್ಲೇನ್ರೀ? ದನಿ ಅದ ಐತಿ!" ನಾನು ಸೆರಗು ತಲೆ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದೆ. "ಯಾರಿಗ್ರೀ ಅವ್ವಾ ಬೈದದ್ದು? ನಿಮ್ಮ ಸೊಸಿಗೋ, ಬೀಗ್ತಿಗೋ? ನಮ್ಮ ಹಾಸ್ಟೇಲಿನಾಗ ಇದ ಮಾತು ನಡದೈತಿ." "ಸೀರಿಗೆ" ಅಂದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. "ಚಲೋ ಹೇಳ್ತೀರಿ ನೀವು!" ಅಂದಳು. ಸತ್ಯಕ್ಕೆ ಸಿಗುವ ಮರ್ಯಾದೆ ಇಷ್ಟೇ. ಮಕ್ತಲದಲ್ಲಿ ಇಳಿದು ಗದ್ವಾಲದ ಬಸ್ಸು ಹಿಡಿದೆ. ಕೃಷ್ಣೆ ದಾಟುವಾಗ ಎಲ್ಲರೂ ಕೈಮುಗಿದರು, ನಾನೂ ಮುಗಿದೆ. ತಾಯೀ, ಬೀಗತಿಯ ಮನೆಯ ಕರೆಂಟು ಹೋಗಲಿ, ಫೋನಿನ ಜೀವ ಇಳಿದಿರಲಿ, ಇಷ್ಟೇ ಬೇಡಿಕೊಂಡದ್ದು. ಹಿಂದೆ ಯಾವತ್ತೂ ಇಷ್ಟು ಸಣ್ಣದನ್ನು ಬೇಡಿರಲಿಲ್ಲ.

ಕರೆಂಟು ಇತ್ತು. ಫೋನ್ ಚಾರ್ಜಿಗೆ ಹಾಕಿಕೊಂಡೇ ನಡೆದಿತ್ತು. ಪಡಸಾಲೆಯ ಮಂಚದ ಮೇಲೆ ಬೀಗತಿ ಕಪ್ಪು ಕನ್ನಡಕ ಹಾಕಿ ಗೋಡೆಗೊರಗಿ ಪೊಲೀಸಿನವರ ಹಾಗೆ ಕೂತಿದ್ದಳು. ಇಟಿಕ್ಯಾಲದ ಅಣ್ಣತಮ್ಮಂದಿರು ಮೆಲ್ಲಗೆ ಹಾಡುತ್ತಿದ್ದರು. ಅವರದಾದ ಮೇಲೆ ನಮ್ಮದೇ. ನೀಲಾ "ಬರ್ರಿ ಅತ್ತಿ" ಎಂದು ಕಾಲಿಗೆ ನೀರು ಕೊಟ್ಟಳು. ನಾನು ಕಾಲೂ ತೊಳೆಯದೆ ಶುರು ಮಾಡಿದೆ: "ಬೀಗ್ತೀ, ಒಂದು ಮಾತು ಹೇಳಬೇಕಿತ್ತು..."

"ಶ್! ಈ ಹುಡುಗ್ರು ಭಾಳ ಸಣ್ಣಗ ಹಾಡ್ತಾರ. ಮುಗೀಲಿ. ಕೂಡ್ರಿ."

ಕೂತೆ. ಮುಗಿಯಿತು. ಬಾಯಿ ತೆರೆಯುವಷ್ಟರಲ್ಲಿ ಧಡ್ ಧಡ್. ಜೀವಮಾನದಲ್ಲಿ ಎಂಥೆಂಥ ಜಗಳದಲ್ಲಿ ನಿಂತಿದ್ದೇನೆ, ಆದರೆ ನನ್ನ ಬೈಗುಳವನ್ನು ನಾನೇ, ಬೈಸಿಕೊಂಡವಳ ಮಗ್ಗುಲಲ್ಲಿ ಕೂತು, ಚಹಾದ ಕಪ್ಪು ಹಿಡಿದು ಕೇಳಿರಲಿಲ್ಲ. 'ಏನಬೇ ಗದ್ವಾಲದಾಕಿ' ಎಂದದ್ದೇ ಒಳಗೆ ಹೋಗುತ್ತಿದ್ದ ನೀಲಾ ನಿಂತಲ್ಲೇ ನಿಂತಳು. ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬೀಗತಿ ಅಲ್ಲಾಡಲಿಲ್ಲ. ಕಪ್ಪು ಕನ್ನಡಕದವರ ಮುಖದಲ್ಲಿ ಏನು ಓದುವುದು? 'ಒಡಲಾಗ ಬರೀ ಹತ್ತಿ' ಬಂತು. 'ಬಯಲಾತಲ್ಲ' ಬಂತು, ಹೋಗಲಿಲ್ಲ, ಮತ್ತೆ ಬಂತು. ಕಡೆಗೆ ಮುಗಿಯಿತು. ಬೀಗತಿ ಅಂದಳು: "ಇನ್ನೊಮ್ಮೆ ಹಚ್ಚು." ನೀಲಾ ಹಚ್ಚಿದಳು. ಎರಡನೇ ಸಲವೂ ಮಗ್ಗುಲಲ್ಲೇ ಕೂತು ಬೈದೆ.

"ಬೀಗ್ತೀ, ದೇವರಾಣೆ, ಅದು ನಿಮಗಲ್ಲ, ನೀಲಾಗೂ ಅಲ್ಲ, ಸೀರಿಗೆ..."

"ಗೊತ್ತಾತು ಬಿಡ್ರಿ. ಮೊದಲ ಸರ್ತಿ ನನಗ ಅಂತ ತಿಳ್ಕೊಂಡೆ. ಆಮ್ಯಾಲ ಹೋಳಿಗಿ ಬರ್ತದೇನೋ ಅಂತ ಕಾದೆ. ಬರಲಿಲ್ಲ. ಎಲ್ಲ್ಯಾರ ಡ್ರಮ್ಮಿನಾಗ ಸಿಕ್ಕಿಬಿದ್ದೈತೇನೋ ಅಂತ ಇನ್ನೊಮ್ಮೆ ಹಚ್ಚಿಸಿದೆ. ಆಗೂ ಬರಲಿಲ್ಲ. ಹೋಳಿಗಿ ತಗೀದ ನೀವು ನನಗ ಯಾವತ್ತರ ಬೈದೀರೇನ್ರೀ? ಹೋಳಿಗಿ ಇಲ್ಲಂದ್ರ ನನಗಲ್ಲ."

ನನಗೆ ಉಸಿರು ಬಂತು. ಇಷ್ಟು ವರ್ಷ ಆ ಹೋಳಿಗೆಯನ್ನು ಬಿಡದೆ ಹಿಡಿದದ್ದು ಈ ರೀತಿ ಕೈ ಹಿಡಿಯುತ್ತದೆಂದು ಯಾರು ಕಂಡಿದ್ದರು! ನೀಲಾ ಚಹಾ ಮತ್ತೆ ಬಿಸಿ ಮಾಡಲು ಒಳಗೆ ಹೋದಳು, ಹೋಗುವಾಗ ನಗುತ್ತಿದ್ದಳು. ಅಲ್ಲಿಗೆ ಎದ್ದು ಬಂದುಬಿಟ್ಟಿದ್ದರೆ ನಾನು ಗೆದ್ದವಳು. ಆದರೆ ಬೀಗತಿ, "ಯಾವ ಸೀರಿ? ನಾ ಉಡಿಸಿದ್ದೇನು?" ಎಂದು ಕನ್ನಡಕವನ್ನು ಹಣೆಗೆ ಏರಿಸಿದಳು. ಒಳಗಿಂದ ನೀಲಾ "ಅವ್ವಾ, ಕನ್ನಡಕ!" ಎಂದು ಕೂಗಿದಳು. ಕೇಳಬೇಕಲ್ಲ! ಹೊಸ ಕಣ್ಣು. ಸೊಳ್ಳೆಯ ಮೀಸೆಯೂ ಕಾಣುವ ಕಣ್ಣು. ನನ್ನ ಸೆರಗು ಹಿಡಿದು ಬೆಳಕಿಗೆ ಎಳೆದಳು, ನೆರಿಗೆ ಬಿಡಿಸಿದಳು, ಅಂಚು ಉಗುರಿನಿಂದ ಕೆರೆದಳು.

"ಬೀಗ್ತೀ, ಅಂಚು ಬಣ್ಣ ಬಿಟ್ಟಿದ್ರ ಅಂಚಿನ ಬಗಲಿಗೆ ಹತ್ತಬೇಕಿತ್ತು. ಇದು ಬಗಲಾಗ ಬೆಳ್ಳಗ ಐತಿ, ನಟ್ಟನಡುವ ಹತ್ತೈತಿ. ಹೊರಗಿನಾಕಿ ಯಾರೋ ಬಂದು ಹೋಗ್ಯಾಳ. ಬಕೀಟಿನಾಗ ಜೋಡಿ ಯಾರಿದ್ರು?"

"ಯಾರೂ ಇಲ್ಲ."

"ನೆನಪು ಮಾಡ್ಕೋರಿ."

ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಹೊಸ ನೂಲಿನ ಸೀರೆ ಮೊದಲ ನೀರಿಗೆ ಬಣ್ಣ ಬಿಡುತ್ತದೆಂಬುದು ಲೋಕಕ್ಕೆಲ್ಲ ಗೊತ್ತು, ನನಗೂ ಗೊತ್ತು. ಆದರೆ ನಮ್ಮೂರಿನ ಸೀರೆ ಹಾಗೆ ಮಾಡೀತು ಎಂಬುದು ನಾರಾಯಣಪೇಟೆಯಲ್ಲಿ ಹುಟ್ಟಿ ನಾರಾಯಣಪೇಟೆಯಲ್ಲೇ ಮುದುಕಿಯಾದವಳ ತಲೆಗೆ ಹೇಗೆ ಬರಬೇಕು? ಇಬ್ಬರನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿದೆ, ನೀರು ಕೆಂಪಾಯಿತು, ಕಣ್ಣು ಮುಚ್ಚಿ ಹೊರಗಿನವಳಿಗೆ ಬೈದೆ. "ನನ್ನ ಹೊಸಾದು ಇತ್ತು" ಅಂದೆ. ದನಿ ಇಟಿಕ್ಯಾಲದ ಅಣ್ಣತಮ್ಮಂದಿರಷ್ಟು ಸಣ್ಣಗೆ ಬಂತು.

"ಯಾವೂರಾಕಿ?"

"ನಾರಾಯಣಪೇಟಿಯಾಕಿ."

ಬೀಗತಿ ನಕ್ಕಳು ನೋಡಿ, ನೀಲಾ ಓಡಿಬಂದು "ಅವ್ವಾ, ಕಣ್ಣಿಗೆ ಜೋರು ಬೀಳ್ತದ, ನಗಬ್ಯಾಡ" ಎಂದು ಬಾಯಿ ಮುಚ್ಚಬೇಕಾಯಿತು. ಮುಚ್ಚಿದ ಕೈ ಸರಿಸಿ ಮತ್ತೆ ನಕ್ಕಳು. ಆಮೇಲೆ ಗಂಭೀರಳಾಗಿ, ಹಾಡನ್ನು ತಿದ್ದಿಸಬೇಕು, ಗದ್ವಾಲದ ಸೀರೆಯ ಮರ್ಯಾದೆಯ ಪ್ರಶ್ನೆ ಅಂದಳು. ಗೌರಿಗೆ ಫೋನ್ ಹಚ್ಚಿದೆವು. ತಿದ್ದಲು ಬರುವುದಿಲ್ಲ, ಬಂದದ್ದು ಬಂತು ಅಂದಳು ಅವಳು. "ಆದ್ರ ಗದ್ವಾಲದ ಆಯಿ ತಿರುಗಿ ಬೈದ್ರ ನಮಗ ಇನ್ನೊಂದು ಹಾಡಾಗ್ತದ" ಎಂದೂ ಅಂದಳು. ದನಿಯಲ್ಲಿ ತಂತಿ ಬಿಗಿಯಾಗಿತ್ತು. ಊಟಕ್ಕೆ ಬೀಗತಿ ಹೋಳಿಗೆ ಮಾಡಿಸಿದಳು. ಸಾಕು ಸಾಕೆಂದರೂ ಹಾಕಿಸಿದಳು. ಏನೂ ಅನ್ನಲು ಬಾರದಂತೆ ತುಂಬಿಸುವುದೂ ಒಂದು ಬೈಗುಳವೇ.

ಮನೆಗೆ ತಿರುಗಿ ಬಂದಾಗ ಗೌರಿ ಬಾಗಿಲಲ್ಲೇ ಕಾದಿದ್ದಳು, ಕೈಯಲ್ಲಿ ಫೋನ್. ನಾನು ಕೃಷ್ಣೆ ದಾಟುವುದರೊಳಗೆ ಬೀಗತಿ ನೀಲಾಳ ಫೋನಿನಲ್ಲಿ ಮಾತಾಡಿ ಕಳಿಸಿಯಾಗಿತ್ತು. ಒತ್ತಿದಳು. "ಏನಬೇ ನಾರಾಯಣಪೇಟಿಯಾಕಿ! ಹೊಸಾಕಿ ಅಂತ ಮೆರೀತಿದ್ದಿ, ಮೊದಲನೇ ನೀರಿಗೇ ಬಣ್ಣ ಬಿಟ್ಟೆಲ್ಲ! ಮಂದಿ ಮೈಗೆ ಹಚ್ಚಿ, ಮಂದೀನ್ನ ಬೈದೆಲ್ಲ!" ಪರವಾಗಿಲ್ಲ, ಗಟ್ಟಿ ಬಾಯಿ. ಕಣ್ಣಿಗಿಂತ ಬಾಯಿಯ ಆಪರೇಷನ್ ಚೆನ್ನಾಗಿ ಆದಂತಿತ್ತು. ಗೌರಿ ಆಗಲೇ ಬೆರಳಿನಿಂದ ಬಾಗಿಲ ಮೇಲೆ ತಾಳ ಹಾಕುತ್ತಿದ್ದಳು. ಈ ಸಲ ಅಂಬವ್ವನಿಗೂ ಹಾಸ್ಟೆಲಿನ ಹುಡುಗಿಯರಿಗೂ ನಾನು ಧೈರ್ಯವಾಗಿ ಹೇಳಬಹುದು, ಇದು ಸೀರೆಗೆ ಬೈದದ್ದು ಎಂದು.

"ಆಯಿ, ಇದು ಸೀರಿಗೋ, ನಿನಗೋ?" ಎಂದಳು ಗೌರಿ.

"ಸೀರಿಗ, ಮತ್ತ್ಯಾರಿಗೆ?" ಎಂದು ಒಳಗೆ ಹೊರಟೆ.

"ತಡಿ, ಕಡೀಗೆ ಇನ್ನೊಂದು ಸಾಲೈತಿ" ಎಂದು ಅವಳು ಫೋನನ್ನು ನನ್ನ ಕಿವಿಯ ಹತ್ತಿರ ತಂದಳು. ಬೀಗತಿ ಉಸಿರು ತಗೊಂಡು, ಸಾವಕಾಶವಾಗಿ, ಒಂದೊಂದೇ ಮಾತು ಬಿಡಿಸಿ ಅಂದಿದ್ದಳು: "ಎರಡು ಬಸ್ಸು ಮಂದಿ ತಂದು ಹೋಳಿಗಿ ಕೇಳಿದಾಕಿ!"